ಗುಡಾರದೊಳಗಿನ ತೋಟ, ಗೋಡೆಯೊಳಗಿನ ತಂತಿ

ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯನು ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಗಲು ಹನ್ನೊಂದು ಗಂಟೆಗೂ ಮಿಕ್ಕಿ ಇರುತ್ತದೆ. ಅದೇ ದಿನ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿರುವ ಮಿನಿಯಾಪೊಲಿಸ್ ನಗರದಲ್ಲಿ ಸೂರ್ಯನು 22 ಡಿಗ್ರಿಗಿಂತ ಮೇಲೇರುವುದಿಲ್ಲ. ಹಗಲು ಒಂಬತ್ತು ಗಂಟೆಯೂ ತುಂಬುವುದಿಲ್ಲ. ಹೊರಗಿನ ನೆಲವು ಚಳಿಯಿಂದ ಹೆಪ್ಪುಗಟ್ಟಿ ಕಲ್ಲಿನಂತಾಗಿರುತ್ತದೆ. ಅಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಸಾರಿನ ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು, ಪಲ್ಯಕ್ಕೆ ಒಂದು ಹಿಡಿ ಮೆಂತ್ಯದ ಸೊಪ್ಪು, ಜೊತೆಗೆ ಹಸಿಮೆಣಸಿನಕಾಯಿ, ಟೊಮೇಟೊ ಇವುಗಳನ್ನು ಚಳಿಗಾಲದಲ್ಲಿಯೂ ಮನೆಯಲ್ಲೇ ಬೆಳೆದುಕೊಳ್ಳಬೇಕೆಂಬ ಆಸೆ ಆ ಮನೆಯವರಿಗೆ ಹುಟ್ಟಿತೆನ್ನೋಣ. ಇದಕ್ಕಾಗಿ ಅಲ್ಲಿನ ಅಂಗಡಿಗಳಲ್ಲಿ ಗಿಡ ಬೆಳೆಸುವ ಗುಡಾರಗಳು ಸಿದ್ಧವಾಗಿಯೇ ದೊರೆಯುತ್ತವೆ.

ಮನೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಒಗೆದ ಬಟ್ಟೆಯನ್ನು ವಿದ್ಯುತ್ತಿನ ಕಾವಿನಿಂದ ಒಣಗಿಸುವ ಡ್ರೈಯರ್ ಎಂಬ ಯಂತ್ರ. ಅದರ ಹಿಂದೆ ಗೋಡೆಯಲ್ಲಿ ದೊಡ್ಡದೊಂದು ಸಾಕೆಟ್ಟು. ಆ ಯಂತ್ರವು ವಾರಕ್ಕೆರಡು ಬಾರಿ, ಒಂದೊಂದು ಬಾರಿಗೆ ಮುಕ್ಕಾಲು ಗಂಟೆಯಷ್ಟು ಕಾಲ ಮಾತ್ರ ನಡೆಯುತ್ತದೆ. ಉಳಿದ ಕಾಲವೆಲ್ಲ ಆ ಸಾಕೆಟ್ಟಿಗೆ ಕೆಲಸವಿಲ್ಲ. 'ಇಷ್ಟು ದೊಡ್ಡ ಸಾಕೆಟ್ಟು ಸುಮ್ಮನೆ ಬಿದ್ದಿರುವಾಗ ಗುಡಾರದ ದೀಪಗಳನ್ನು ಇದಕ್ಕೇ ಏಕೆ ಜೋಡಿಸಬಾರದು?' ಎಂಬ ಯೋಚನೆ ಯಾರಿಗಾದರೂ ಬರುವುದು ಸಹಜವೇ.

ಈ ಪ್ರಶ್ನೆಗೆ ಉತ್ತರವುಂಟು. ಆದರೆ 'ಜೋಡಿಸಬಹುದು' ಎಂಬುದಾಗಲಿ, 'ಜೋಡಿಸಕೂಡದು' ಎಂಬುದಾಗಲಿ ಪೂರ್ಣವಾದ ಉತ್ತರವಲ್ಲ. ಅದನ್ನು ಅರಿಯಬೇಕಾದರೆ ಗಿಡಕ್ಕೆ ಬೇಕಾದ ಬೆಳಕನ್ನು ಅಳೆಯಬೇಕು. ಅಮೆರಿಕದ ಮನೆಗಳಿಗೆ ವಿದ್ಯುತ್ತು ಬರುವ ಬಗೆಯನ್ನು ತಿಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಗೋಡೆಯೊಳಗಿನ ತಂತಿಯನ್ನು ಕಾಯುವವರಾರು ಎಂಬುದನ್ನು ವಿಚಾರಿಸಬೇಕು. ಲೆಕ್ಕ ತಪ್ಪಿದರೆ ನಷ್ಟವಾಗುವುದು ಟೊಮೇಟೊ ಬೆಳೆಯಷ್ಟೇ ಅಲ್ಲ. ಮೇಲಿನ ಅಂತಸ್ತಿನಲ್ಲಿ ಮಲಗಿರುವವರ ಪ್ರಾಣಕ್ಕೇ ಅಪಾಯವೊದಗಬಹುದು.

ಗಿಡಕ್ಕೆ ಎಷ್ಟು ಬೆಳಕು ಬೇಕು?

ಈ ಗುಡಾರವು ಕಬ್ಬಿಣದ ಸರಳುಗಳ ಮೇಲೆ ದಪ್ಪ ಬಟ್ಟೆಯನ್ನು ಹೊದಿಸಿ ಮಾಡಿದ ಒಂದು ಪೆಟ್ಟಿಗೆ. ಬಟ್ಟೆಯ ಒಳಮೈ ಬೆಳ್ಳಿಯ ಹೊಳಪುಳ್ಳದ್ದಾಗಿ, ದೀಪದ ಬೆಳಕನ್ನು ಹೊರಗೆ ಬಿಡದೆ ಗಿಡಗಳ ಮೇಲೆಯೇ ಪ್ರತಿಫಲಿಸುತ್ತದೆ. ಮೇಲೆ ದೀಪ, ಪಕ್ಕದಲ್ಲಿ ಗಾಳಿಯನ್ನು ಹೊರಗೆಳೆಯುವ ಫ್ಯಾನು, ಕೆಳಗೆ ಕುಂಡಗಳು. ಸಾಮಾನ್ಯವಾದ ಗುಡಾರದ ತಳವು ನಾಲ್ಕಡಿ ಉದ್ದ, ನಾಲ್ಕಡಿ ಅಗಲವಿರುತ್ತದೆ. ಅಂದರೆ ಸುಮಾರು 1.44 ಚದರ ಮೀಟರು.

ಎಲೆಯಲ್ಲಿರುವ ಪತ್ರಹರಿತ್ತು ಬೆಳಕಿನ ಶಕ್ತಿಯನ್ನು ಹೀರಿ, ನೀರು ಮತ್ತು ಇಂಗಾಲದ ಡೈ ಆಕ್ಸೈಡುಗಳಿಂದ ಸಕ್ಕರೆಯನ್ನು ತಯಾರಿಸುತ್ತದೆಂಬುದನ್ನು ವಾಚಕರು ಬಲ್ಲರು. ಈ ಕೆಲಸಕ್ಕೆ ಒದಗುವುದು ಮುಖ್ಯವಾಗಿ 400ರಿಂದ 700 ನ್ಯಾನೋಮೀಟರಿನವರೆಗಿನ ತರಂಗಮಾನವುಳ್ಳ ಬೆಳಕು. ಒಂದು ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಬೆಳಕು ಫೋಟಾನುಗಳೆಂಬ ಶಕ್ತಿಯ ಕಣಗಳಾಗಿ ಬರುವುದರಿಂದ, ಗಿಡದ ಊಟವನ್ನು ಎಣಿಸಬೇಕಾದರೆ ಎಲೆಯ ಮೇಲೆ ಬಿದ್ದ ಫೋಟಾನುಗಳನ್ನೇ ಎಣಿಸುವುದು ಯುಕ್ತ. ಅವುಗಳ ಸಂಖ್ಯೆ ಬಹು ದೊಡ್ಡದಾದುದರಿಂದ, ರಸಾಯನಶಾಸ್ತ್ರಜ್ಞರು ಅಣುಗಳನ್ನು ಎಣಿಸುವ ಮೋಲ್ ಎಂಬ ಅಳತೆಯನ್ನೇ ಇಲ್ಲಿಯೂ ಬಳಸುತ್ತಾರೆ. ಒಂದು ಮೋಲ್ ಎಂದರೆ 6.02 × 10²³ ಕಣಗಳು. ಅದರ ಹತ್ತು ಲಕ್ಷದ ಒಂದು ಪಾಲು ಮೈಕ್ರೊಮೋಲ್.

ನಿರಭ್ರವಾದ ಬೇಸಗೆಯ ನಡುಹಗಲಿನಲ್ಲಿ ಒಂದು ಚದರ ಮೀಟರು ನೆಲದ ಮೇಲೆ ಸೆಕೆಂಡಿಗೆ ಸುಮಾರು 2,000 ಮೈಕ್ರೊಮೋಲುಗಳಷ್ಟು ಫೋಟಾನುಗಳು ಬೀಳುತ್ತವೆ. ಗುಡಾರದಲ್ಲಿ ಇಷ್ಟು ಬೇಕಿಲ್ಲ. ಹೊರಗಿನ ಸೂರ್ಯನಂತೆ ಏರಿ ಇಳಿಯದೆ ದೀಪವು ಒಂದೇ ಸಮನೆ ಬೆಳಗುವುದರಿಂದ, ಸಾಧಾರಣವಾದ ಬೆಳಕನ್ನೇ ಹೆಚ್ಚು ಹೊತ್ತು ಕೊಟ್ಟರೆ ಸಾಕಾಗುತ್ತದೆ. ಟೊಮೇಟೊದಂತಹ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಚದರ ಮೀಟರಿಗೆ 20ರಿಂದ 30 ಮೋಲುಗಳಷ್ಟು ಬೆಳಕು ಬೇಕು. ಸೊಪ್ಪಿನ ಗಿಡಗಳಿಗೆ ಇದರ ಅರ್ಧದಷ್ಟು ಸಾಕು.

ಈಗ ಲೆಕ್ಕ ಹಾಕೋಣ. ಸೆಕೆಂಡಿಗೆ 500 ಮೈಕ್ರೊಮೋಲುಗಳಂತೆ ಹದಿನಾರು ಗಂಟೆಗಳ ಕಾಲ, ಎಂದರೆ 57,600 ಸೆಕೆಂಡುಗಳ ಕಾಲ ದೀಪವು ಬೆಳಗಿದರೆ, ಚದರ ಮೀಟರಿಗೆ 28.8 ಮೋಲುಗಳಷ್ಟು ಬೆಳಕು ದೊರೆಯುತ್ತದೆ. ಟೊಮೇಟೊಗೆ ಇದು ಧಾರಾಳವಾಯಿತು. ಇಡೀ ಗುಡಾರಕ್ಕೆ ಬೇಕಾದುದು 500ನ್ನು 1.44ರಿಂದ ಗುಣಿಸಿದಷ್ಟು, ಎಂದರೆ ಸೆಕೆಂಡಿಗೆ 720 ಮೈಕ್ರೊಮೋಲು. ಇಂದಿನ ಒಳ್ಳೆಯ ಎಲ್.ಇ.ಡಿ. ದೀಪವು ಒಂದು ಜೂಲು ವಿದ್ಯುಚ್ಛಕ್ತಿಯಿಂದ ಸುಮಾರು 2.5 ಮೈಕ್ರೊಮೋಲು ಫೋಟಾನುಗಳನ್ನು ಹೊರಡಿಸಬಲ್ಲುದು. 720ನ್ನು 2.5ರಿಂದ ಭಾಗಿಸಿದರೆ 288 ವಾಟು. ಗೋಡೆಗಳಲ್ಲಿ ಹೀರಿಹೋಗುವ ಬೆಳಕಿಗಾಗಿ ಸ್ವಲ್ಪ ಸೇರಿಸಿ 350 ವಾಟೆಂದು ಇಟ್ಟುಕೊಳ್ಳೋಣ. ಫ್ಯಾನಿಗೆ ಇನ್ನೊಂದು 50 ವಾಟು. ಒಟ್ಟು 400.

ಅಮೆರಿಕದ ಮನೆಯ ಸಾಧಾರಣ ಸಾಕೆಟ್ಟಿನಲ್ಲಿ 120 ವೋಲ್ಟುಗಳಿರುತ್ತವೆ. ವಾಟುಗಳನ್ನು ವೋಲ್ಟುಗಳಿಂದ ಭಾಗಿಸಿದರೆ ಆಂಪೇರುಗಳು ದೊರೆಯುತ್ತವೆ: 400ನ್ನು 120ರಿಂದ ಭಾಗಿಸಿದರೆ 3.3 ಆಂಪೇರು. ಅಲ್ಲಿನ ಸಾಧಾರಣ ಸಾಕೆಟ್ಟಿನ ಮಂಡಲವು 15 ಆಂಪೇರುಗಳನ್ನು ಹೊರಬಲ್ಲುದು. ಅಂದಮೇಲೆ ಒಂದೇ ಗುಡಾರಕ್ಕಾದರೆ ಡ್ರೈಯರಿನ ಸಾಕೆಟ್ಟಿನ ಆವಶ್ಯಕತೆಯೇ ಇಲ್ಲವೆಂದಾಯಿತು! ಗಿಡಗಳ ಮೇಲೆ ತಲಾ 1,000 ವಾಟಿನ ಸೋಡಿಯಂ ದೀಪಗಳನ್ನು ತೂಗುಹಾಕುತ್ತಿದ್ದ ಕಾಲದಲ್ಲಿ ದೊಡ್ಡ ಸಾಕೆಟ್ಟನ್ನು ಅರಸುವುದಕ್ಕೆ ಕಾರಣವಿದ್ದಿತು. ಎಲ್.ಇ.ಡಿ. ಬಂದ ಮೇಲೆ ಆ ಕಾರಣವು ಬಹುಮಟ್ಟಿಗೆ ತಪ್ಪಿಹೋಗಿದೆ. ಲೇಖನಿಯಿಂದ ಮಾಡಿದ ಈ ಐದು ನಿಮಿಷಗಳ ಲೆಕ್ಕವು ಎಷ್ಟೋ ಮನೆಗಳಲ್ಲಿ ತಂತಿಯ ತಂಟೆಯನ್ನೇ ತಪ್ಪಿಸಬಲ್ಲುದು.

ಆದರೆ ಆಸೆಯು ಒಂದು ಗುಡಾರಕ್ಕೆ ನಿಲ್ಲದಿದ್ದರೆ? ನಾಲ್ಕು ಗುಡಾರಗಳ ದೀಪಗಳಿಗೆ 1,400 ವಾಟು; ಎಲೆಗಳು ಬಿಡುವ ತೇವವನ್ನು ಗಾಳಿಯಿಂದ ತೆಗೆಯುವ ಯಂತ್ರಕ್ಕೆ 600; ತಣ್ಣಗಿರುವ ನೆಲಮಾಳಿಗೆಯನ್ನು ಬೆಚ್ಚಗಿಡುವ ಹೀಟರಿಗೆ 1,500. ಒಟ್ಟು 3,500 ವಾಟು. 120 ವೋಲ್ಟಿನಲ್ಲಿ ಇದು 29 ಆಂಪೇರು. ಸಾಧಾರಣ ಸಾಕೆಟ್ಟು ಇದನ್ನು ಹೊರಲಾರದು. ಡ್ರೈಯರಿನ ಸಾಕೆಟ್ಟಿನ ಕಡೆಗೆ ಕಣ್ಣು ಹೋಗುವುದು ಆಗ.

ಎರಡು ವೋಲ್ಟೇಜುಗಳ ಮನೆ

ನಮ್ಮ ದೇಶದ ಮನೆಗಳಲ್ಲಿ ದೀಪಕ್ಕೂ, ಮಿಕ್ಸಿಗೂ, ನೀರು ಕಾಯಿಸುವ ಗೀಸರಿಗೂ ದೊರೆಯುವುದು ಒಂದೇ 230 ವೋಲ್ಟು. ಅಮೆರಿಕದ ಮನೆಯಲ್ಲಿ ಹಾಗಲ್ಲ. ಅಲ್ಲಿ ಒಂದೇ ಸೂರಿನ ಕೆಳಗೆ 120 ಮತ್ತು 240 ಎಂಬ ಎರಡು ವೋಲ್ಟೇಜುಗಳುಂಟು. ಇದಕ್ಕೆ ಕಾರಣವನ್ನು ಅರಸಿ ಹೋದರೆ ಥಾಮಸ್ ಆಲ್ವಾ ಎಡಿಸನ್ನನ ಕಾಲಕ್ಕೆ ಹೋಗಬೇಕಾಗುತ್ತದೆ.

1882ರ ಸೆಪ್ಟೆಂಬರಿನಲ್ಲಿ ಎಡಿಸನ್ ನ್ಯೂಯಾರ್ಕ್ ನಗರದ ಪರ್ಲ್ ಬೀದಿಯಲ್ಲಿ ತನ್ನ ವಿದ್ಯುದಾಗಾರವನ್ನು ಪ್ರಾರಂಭಿಸಿದನು. ಅವನ ದೀಪಗಳು ಸುಮಾರು 110 ವೋಲ್ಟಿನಲ್ಲಿ ಉರಿಯುತ್ತಿದ್ದವು. ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ಬಹಳ ಶಕ್ತಿಯನ್ನು ಸಾಗಿಸಬೇಕಾದರೆ ಪ್ರವಾಹವು ಹೆಚ್ಚಾಗಿರಬೇಕು. ಪ್ರವಾಹವು ಹೆಚ್ಚಾದರೆ ತಂತಿಯು ದಪ್ಪವಾಗಿರಬೇಕು. ತಂತಿಯು ದಪ್ಪವಾದರೆ ತಾಮ್ರದ ಬೆಲೆ ಕೈಗೆಟುಕದು. ಈ ಕಷ್ಟಕ್ಕೆ ಎಡಿಸನ್ ಕಂಡುಕೊಂಡ ಪರಿಹಾರವೇ ಮೂರು ತಂತಿಗಳ ಪದ್ಧತಿ. ಇಂಗ್ಲೆಂಡಿನಲ್ಲಿ ಜಾನ್ ಹಾಪ್ಕಿನ್ಸನ್ ಎಂಬ ವಿಜ್ಞಾನಿಯೂ ಸ್ವತಂತ್ರವಾಗಿ ಇದನ್ನೇ ಕಂಡುಹಿಡಿದಿದ್ದನು. 1883ರ ಜುಲೈ 4ರಂದು ಪೆನ್ಸಿಲ್ವೇನಿಯದ ಸನ್‌ಬರಿ ಎಂಬ ಊರಿನಲ್ಲಿ ಈ ಪದ್ಧತಿಯು ಕಾರ್ಯಾರಂಭ ಮಾಡಿತು.

ಅದರ ಮರ್ಮ ಹೀಗಿದೆ. ಎರಡು ಹೊರತಂತಿಗಳ ನಡುವೆ ಇಮ್ಮಡಿ ವೋಲ್ಟೇಜು. ಮಧ್ಯದಲ್ಲಿ ನ್ಯೂಟ್ರಲ್ ಎಂಬ ಮೂರನೆಯ ತಂತಿ. ಯಾವುದಾದರೊಂದು ಹೊರತಂತಿ ಮತ್ತು ನ್ಯೂಟ್ರಲುಗಳ ನಡುವೆ ಜೋಡಿಸಿದ ದೀಪಕ್ಕೆ ದೊರೆಯುವುದು ಅರ್ಧ ವೋಲ್ಟೇಜು ಮಾತ್ರ. ಎರಡು ಕಡೆಯೂ ಸಮನಾದ ದೀಪಗಳಿದ್ದರೆ ನ್ಯೂಟ್ರಲಿನಲ್ಲಿ ಪ್ರವಾಹವೇ ಇರುವುದಿಲ್ಲ. ಇಲ್ಲದಿದ್ದರೆ ಎರಡು ಕಡೆಗಳ ವ್ಯತ್ಯಾಸದಷ್ಟು ಮಾತ್ರ ಹರಿಯುತ್ತದೆ. ವೋಲ್ಟೇಜು ಇಮ್ಮಡಿಯಾದುದರಿಂದ ಪ್ರವಾಹವು ಅರ್ಧವಾಗಿ, ಅದೇ ಪ್ರಮಾಣದ ನಷ್ಟಕ್ಕೆ ಪ್ರತಿಯೊಂದು ತಂತಿಯೂ ನಾಲ್ಕನೆಯ ಒಂದು ಪಾಲು ದಪ್ಪವಿದ್ದರೆ ಸಾಕಾಗುತ್ತದೆ. ಮೂರು ತಂತಿಗಳನ್ನೂ ಒಂದೇ ಅಳತೆಯಲ್ಲಿ ಮಾಡಿದರೂ ಮೊದಲಿನ ತಾಮ್ರದ ಎಂಟರಲ್ಲಿ ಮೂರು ಪಾಲಿನಲ್ಲಿಯೇ ಕೆಲಸವು ಮುಗಿಯುತ್ತದೆ!

ಎಡಿಸನ್ನನ ನೇರಪ್ರವಾಹವು ಹೋಗಿ ಪರ್ಯಾಯಪ್ರವಾಹವು ಬಂದರೂ ಆ ಮೂರು ತಂತಿಗಳು ಉಳಿದುಕೊಂಡವು. ಇಂದು ಅಮೆರಿಕದ ಬೀದಿಯ ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರಿನ ಸುರುಳಿಯ ಎರಡು ತುದಿಗಳ ನಡುವೆ 240 ವೋಲ್ಟುಗಳಿರುತ್ತವೆ. ಸುರುಳಿಯ ನಟ್ಟನಡುವಿನಿಂದ ತೆಗೆದು ಭೂಮಿಗೆ ಜೋಡಿಸಿದ ತಂತಿಯೇ ನ್ಯೂಟ್ರಲ್. ಮನೆಯ ದೀಪಗಳಿಗೂ ಸಣ್ಣ ಉಪಕರಣಗಳಿಗೂ ಒಂದು ತುದಿ ಮತ್ತು ನ್ಯೂಟ್ರಲುಗಳಿಂದ 120 ವೋಲ್ಟು. ಒಲೆ, ಡ್ರೈಯರ್ ಮೊದಲಾದ ಭಾರಿ ಉಪಕರಣಗಳಿಗೆ ಎರಡು ತುದಿಗಳಿಂದಲೂ 240 ವೋಲ್ಟು. ಡ್ರೈಯರಿನ ಕಾವಿನ ಸುರುಳಿಯು ಸುಮಾರು 5,000 ವಾಟುಗಳನ್ನು 240 ವೋಲ್ಟಿನಲ್ಲಿ ಸೆಳೆದುಕೊಳ್ಳುತ್ತದೆ. ಪೀಪಾಯಿಯನ್ನು ತಿರುಗಿಸುವ ಮೋಟಾರು ಮಾತ್ರ ಸಾಮಾನ್ಯವಾಗಿ 120 ವೋಲ್ಟಿನದು. ಆದುದರಿಂದಲೇ ಆ ಸಾಕೆಟ್ಟಿಗೆ ಎರಡು ಹೊರತಂತಿಗಳ ಜೊತೆಗೆ ನ್ಯೂಟ್ರಲೂ ಬಂದಿರುತ್ತದೆ. ಅದರ ಪ್ರಮಾಣ 30 ಆಂಪೇರು.

ತೂಬು ಮತ್ತು ಕಾಲುವೆ

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ ಪ್ರತಿಯೊಂದು ಮಂಡಲಕ್ಕೂ ಒಂದೊಂದು ಸರ್ಕಿಟ್ ಬ್ರೇಕರು ಇರುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಎಂ.ಸಿ.ಬಿ. ಎನ್ನುವರು; ಹಿಂದೆ ಫ್ಯೂಸು ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ. ಇದರೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿಯುಂಟು. ಪ್ರವಾಹವು ಮಿತಿ ಮೀರಿದರೆ ಪಟ್ಟಿಯು ಕಾದು, ಎರಡು ಲೋಹಗಳೂ ಒಂದೇ ಸಮನಾಗಿ ಹಿಗ್ಗದ ಕಾರಣ ಬಾಗಿ, ಮಂಡಲವನ್ನು ಕಡಿಯುತ್ತದೆ. ಜೊತೆಗೊಂದು ವಿದ್ಯುತ್ಕಾಂತವುಂಟು, ತಂತಿಗಳು ಒಂದಕ್ಕೊಂದು ತಗಲಿ ಪ್ರವಾಹವು ಒಮ್ಮೆಲೇ ನುಗ್ಗಿದರೆ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಕೆಲಸ ಮಾಡುತ್ತದೆ.

ಈ ಬ್ರೇಕರು ಯಾರನ್ನು ಕಾಯುತ್ತದೆ? ದೀಪವನ್ನೋ, ಹೀಟರನ್ನೋ ಕಾಯುತ್ತದೆಂದು ಬಹುಮಂದಿ ಭಾವಿಸಿರುವರು. ಅದು ತಪ್ಪು. ಬ್ರೇಕರು ಕಾಯುವುದು ತಂತಿಯನ್ನು. ಅದರಲ್ಲಿಯೂ ಯಾವ ದಪ್ಪದ ತಂತಿಗೆಂದು ಅದನ್ನು ಆರಿಸಿದೆಯೋ ಆ ತಂತಿಯನ್ನು ಮಾತ್ರ. ಅಮೆರಿಕದ ನಿಯಮದಂತೆ 15 ಆಂಪೇರಿನ ಮಂಡಲದ ತಾಮ್ರದ ತಂತಿಯು ಕನಿಷ್ಠ 2.08 ಚದರ ಮಿಲಿಮೀಟರು ಅಡ್ಡಳತೆಯುಳ್ಳದ್ದಾಗಿರಬೇಕು. 20 ಆಂಪೇರಿಗೆ 3.31, 30 ಆಂಪೇರಿಗೆ 5.26. ಡ್ರೈಯರಿನ ಸಾಕೆಟ್ಟಿಗೆ ಗೋಡೆಯೊಳಗೆ ಬಂದಿರುವುದು ಈ ಕಡೆಯ ದಪ್ಪ ತಂತಿ.

ಮಂಡ್ಯದ ಸೀಮೆಯಲ್ಲಿ ನಾಲೆಯ ನೀರನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ದೊಡ್ಡ ನಾಲೆಗೆ ದೊಡ್ಡ ತೂಬು. ಅದರಿಂದ ಕವಲೊಡೆಯುವ ಪ್ರತಿಯೊಂದು ಸಣ್ಣ ಕಾಲುವೆಗೂ ತನ್ನದೇ ಆದ ಸಣ್ಣ ತೂಬು. ಈ ಸಣ್ಣ ತೂಬುಗಳಿಲ್ಲದೆ ದೊಡ್ಡ ನಾಲೆಯನ್ನು ನೇರವಾಗಿ ಗದ್ದೆಯ ಕಾಲುವೆಗೆ ತಿರುಗಿಸಿದರೆ ಏನಾದೀತು? ಮೇಲಿನ ತೂಬಿನವನ ದೃಷ್ಟಿಯಲ್ಲಿ ನೀರು ಮಿತಿಯಲ್ಲಿಯೇ ಇರುತ್ತದೆ; ಅವನು ಬಾಗಿಲನ್ನು ಇಳಿಸುವುದಿಲ್ಲ. ಕೆಳಗೆ ಕಾಲುವೆಯ ಏರಿ ಮಾತ್ರ ಒಡೆದು ಹೋಗಿರುತ್ತದೆ.

ಡ್ರೈಯರಿನ ಸಾಕೆಟ್ಟಿನಲ್ಲಿ ಆಗುವ ಅನಾಹುತವೂ ಹೀಗೆಯೇ. ಒಂದು ಕಡೆ ದೊಡ್ಡ ಮುಳ್ಳುಗಳೂ ಮತ್ತೊಂದು ಕಡೆ ಸಾಧಾರಣ ಸಾಕೆಟ್ಟುಗಳೂ ಇರುವ, ನಡುವೆ ಯಾವ ಬ್ರೇಕರೂ ಇಲ್ಲದ ಜೋಡಣೆಯೊಂದನ್ನು ಒಬ್ಬನು ಮಾಡಿಕೊಂಡನೆನ್ನೋಣ. ಅದಕ್ಕೆ 1.31 ಚದರ ಮಿಲಿಮೀಟರಿನ ಸಣ್ಣ ವಯರುಳ್ಳ ಎಕ್ಸ್‌ಟೆನ್ಷನ್ ಬೋರ್ಡನ್ನು ಸಿಕ್ಕಿಸಿ, ನಾವು ಮೇಲೆ ಎಣಿಸಿದ 3,500 ವಾಟುಗಳನ್ನೂ ಅದಕ್ಕೇ ಜೋಡಿಸಿದನು. ವಯರಿನಲ್ಲಿ 29 ಆಂಪೇರು ಹರಿಯಿತು. 30 ಆಂಪೇರಿನ ಬ್ರೇಕರಿಗೆ ಇದರಲ್ಲಿ ಯಾವ ತಪ್ಪೂ ಕಾಣದು. ಅದು ಮೌನವಾಗಿಯೇ ಇರುತ್ತದೆ.

ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಎಂಬ ಜೂಲನ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಈ ವಯರಿನ ರೋಧವು ಮೀಟರಿಗೆ 0.0132 ಓಮು. ಹತ್ತು ಆಂಪೇರುಗಳು ಹರಿದಾಗ, ಹೋಗುವ ಬರುವ ಎರಡು ತಂತಿಗಳೂ ಸೇರಿ ಮೀಟರಿಗೆ 2.6 ವಾಟು ಉಷ್ಣ. ಕೈಗೆ ಅಷ್ಟಾಗಿ ತಿಳಿಯದು. 29 ಆಂಪೇರುಗಳು ಹರಿದಾಗ ಮೀಟರಿಗೆ 22 ವಾಟು! ಪ್ರವಾಹವು ಮೂರರಷ್ಟೂ ಆಗಲಿಲ್ಲ. ಉಷ್ಣವು ಎಂಟರಷ್ಟಕ್ಕೂ ಮಿಕ್ಕಿತು. ಮೂರು ಮೀಟರು ವಯರಿನಲ್ಲಿ 66 ವಾಟು, ಎಂದರೆ 25 ವಾಟಿನ ಎರಡು ಸಾಲ್ಡರಿಂಗ್ ಐರನ್ನುಗಳಿಗಿಂತಲೂ ಹೆಚ್ಚಿನ ಶಾಖ. ವಯರನ್ನು ಸುರುಳಿ ಸುತ್ತಿಟ್ಟಿದ್ದರೆ ಅಥವಾ ಬಟ್ಟೆಯ ರಾಶಿಯ ಕೆಳಗೆ ಹಾಯಿಸಿದ್ದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಹೊದಿಕೆಯು ಮೆತ್ತಗಾಗಿ, ಕರಗಿ, ಹತ್ತಿಕೊಳ್ಳುವವರೆಗೂ ಬ್ರೇಕರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಮುಕ್ಕಾಲು ಗಂಟೆ, ಹದಿನಾರು ಗಂಟೆ

'ಡ್ರೈಯರಿಗೂ ಇಪ್ಪತ್ತಕ್ಕೆ ಮೇಲ್ಪಟ್ಟ ಆಂಪೇರುಗಳು ಬೇಕಲ್ಲವೆ? ಅದು ಎಷ್ಟೋ ವರ್ಷಗಳಿಂದ ಸುಖವಾಗಿ ನಡೆಯುತ್ತಿದೆಯಲ್ಲ?' ಎಂದು ಯಾರಾದರೂ ಕೇಳಬಹುದು. ಕಾಲದ ಅಂಶವನ್ನು ಅವರು ಮರೆತಿರುವರು. ಡ್ರೈಯರಿನ ಓಟವು ಒಂದು ಗಂಟೆಯೊಳಗಿನದು. ಆ ಹೊತ್ತಿನಲ್ಲಿಯೂ ಅದರ ಉಷ್ಣನಿಯಂತ್ರಕವು ಕಾವಿನ ಸುರುಳಿಯನ್ನು ಆಗಾಗ ಆರಿಸಿ ಹೊತ್ತಿಸುತ್ತಿರುತ್ತದೆ. ತಂತಿಗೂ ತಿರುಪುಗಳಿಗೂ ತಣಿಯಲು ಬಿಡುವು ದೊರೆಯುತ್ತದೆ. ಗುಡಾರದ ದೀಪವಾದರೋ ದಿನಕ್ಕೆ ಹದಿನಾರು ಗಂಟೆ, ತಿಂಗಳಿಗೆ ಮೂವತ್ತು ದಿನ ಬಿಡುವಿಲ್ಲದೆ ಉರಿಯುತ್ತದೆ. ಸಾಕೆಟ್ಟಿನೊಳಗೆ ಒಂದು ತಿರುಪು ಸ್ವಲ್ಪ ಸಡಿಲವಾಗಿದ್ದರೂ ಅಲ್ಲಿ ರೋಧವು ಹೆಚ್ಚಿ ಬಿಸಿಯಾಗುತ್ತದೆ. ಬಿಸಿಯಿಂದ ಲೋಹದ ಮೈಗೆ ಕಿಲುಬು ಹಿಡಿದು ರೋಧವು ಇನ್ನಷ್ಟು ಹೆಚ್ಚುತ್ತದೆ. ರೋಧವು ಹೆಚ್ಚಿದಂತೆ ಬಿಸಿಯೂ ಹೆಚ್ಚುತ್ತದೆ. ಮುಕ್ಕಾಲು ಗಂಟೆಯಲ್ಲಿ ಕಾಣಿಸದ ದೋಷವು ಹದಿನಾರು ಗಂಟೆಗಳಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ.

ಆದಕಾರಣವೇ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು, ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಇರುವ ಭಾರವನ್ನು 'ನಿರಂತರ ಭಾರ' ಎಂದು ಬೇರೆಯಾಗಿ ಎಣಿಸುತ್ತದೆ. ಸಾಮಾನ್ಯವಾದ ಬ್ರೇಕರಿನ ಮೇಲೆ ಅಂತಹ ಭಾರವು ನೂರಕ್ಕೆ ಎಂಬತ್ತರಷ್ಟನ್ನು ಮೀರಕೂಡದು. 30 ಆಂಪೇರಿನಲ್ಲಿ ಎಂಬತ್ತು ಪಾಲು 24 ಆಂಪೇರು. 240 ವೋಲ್ಟಿನಲ್ಲಿ ಅದು 5,760 ವಾಟು. ನಮ್ಮ ಕಲ್ಪನೆಯ ಕುಟುಂಬದ 3,500 ವಾಟುಗಳು 240 ವೋಲ್ಟಿನಲ್ಲಿ 14.6 ಆಂಪೇರುಗಳಷ್ಟೇ ಆಗುವುದರಿಂದ ಮಿತಿಯೊಳಗೆ ಧಾರಾಳವಾಗಿ ಹಿಡಿಯುತ್ತವೆ. ಸಾಕೆಟ್ಟಿನಲ್ಲಿ ಶಕ್ತಿಗೆ ಕೊರತೆಯಿಲ್ಲ. ಕೊರತೆಯಿರುವುದು ಅದನ್ನು ಹಂಚುವ ಕ್ರಮದಲ್ಲಿ. ಡ್ರೈಯರನ್ನೂ ಗುಡಾರಗಳನ್ನೂ ಏಕಕಾಲದಲ್ಲಿ ನಡೆಸುವುದಂತೂ ಸಾಧ್ಯವಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ; ಎರಡೂ ಸೇರಿದರೆ 30 ಆಂಪೇರುಗಳನ್ನು ಮೀರುವುದು ನಿಶ್ಚಯ.

ಹಂಚುವ ಕ್ರಮ

ಸರಿಯಾದ ಕ್ರಮವು ನಾಲೆಯ ಕ್ರಮವೇ. 30 ಆಂಪೇರಿನ ತಂತಿಯು ಒಂದು ಚಿಕ್ಕ ಹಂಚುಪೆಟ್ಟಿಗೆಗೆ ಬರಬೇಕು. ಅಲ್ಲಿಂದ ಹೊರಡುವ ಪ್ರತಿಯೊಂದು ಕವಲಿಗೂ ಅದರ ತಂತಿಯ ದಪ್ಪಕ್ಕೆ ತಕ್ಕಂತೆ 15 ಅಥವಾ 20 ಆಂಪೇರಿನ ತನ್ನದೇ ಬ್ರೇಕರು ಇರಬೇಕು. ಆಗ ಯಾವ ಕವಲಿನಲ್ಲಿ ಭಾರವು ಮಿತಿ ಮೀರಿದರೂ ಅದರ ಬಾಗಿಲು ಮಾತ್ರ ಮುಚ್ಚಿಕೊಳ್ಳುತ್ತದೆ. ಹಲವು ಎಲ್.ಇ.ಡಿ. ದೀಪಗಳ ಒಳಮಂಡಲವು 120 ಮತ್ತು 240 ವೋಲ್ಟುಗಳೆರಡಕ್ಕೂ ಹೊಂದಿಕೊಳ್ಳುವಂತಹುದು. ಅವುಗಳನ್ನು 240ರ ಕವಲಿಗೆ ಜೋಡಿಸಿದರೆ ಪ್ರವಾಹವು ಅರ್ಧಕ್ಕಿಳಿದು, ತಂತಿಯಲ್ಲಿ ಹುಟ್ಟುವ ಉಷ್ಣವು ಕಾಲುಭಾಗಕ್ಕಿಳಿಯುತ್ತದೆ. 120 ವೋಲ್ಟಿನ ಉಪಕರಣಗಳನ್ನು ಎರಡು ಹೊರತಂತಿಗಳಿಗೂ ಸಮನಾಗಿ ಹಂಚಬೇಕು. ಈ ಕೆಲಸವನ್ನು ಲೈಸೆನ್ಸು ಪಡೆದ ವಿದ್ಯುತ್ ಕೆಲಸಗಾರನೇ, ಸ್ಥಳೀಯ ಅಧಿಕಾರಿಗಳ ಅನುಮತಿಯೊಡನೆ ಮಾಡತಕ್ಕದ್ದು. ಅದೇಕೆಂಬುದು ಮುಂದಿನ ಲೆಕ್ಕದಿಂದ ತಿಳಿಯುತ್ತದೆ.

ಒಂದು ಹೊರತಂತಿಯ ಕಡೆ 1,200 ವಾಟಿನ ಹೀಟರು, ಇನ್ನೊಂದರ ಕಡೆ 120 ವಾಟಿನ ದೀಪ ಇವೆಯೆನ್ನೋಣ. ಎರಡೂ 120 ವೋಲ್ಟಿನವು; ರೋಧಗಳು ಕ್ರಮವಾಗಿ 12 ಮತ್ತು 120 ಓಮು. ನ್ಯೂಟ್ರಲ್ ತಂತಿಯ ತಿರುಪು ಕಳಚಿಕೊಂಡಿತೆನ್ನಿ. ಆಗ ಅವೆರಡೂ 240 ವೋಲ್ಟಿನ ನಡುವೆ ಒಂದರ ಹಿಂದೊಂದು ಸರಣಿಯಲ್ಲಿ ನಿಂತಂತಾಗುತ್ತದೆ. ಒಟ್ಟು ರೋಧ 132 ಓಮು, ಪ್ರವಾಹ 1.82 ಆಂಪೇರು. ಹೀಟರಿಗೆ ದೊರೆಯುವುದು 22 ವೋಲ್ಟು ಮಾತ್ರ. ಬಡಪಾಯಿ ದೀಪದ ಮೇಲೆ ಬೀಳುವುದು 218 ವೋಲ್ಟು! ಇಲ್ಲಿ ಪ್ರವಾಹವು ಎರಡು ಆಂಪೇರನ್ನೂ ಮುಟ್ಟಲಿಲ್ಲವಾದುದರಿಂದ ಯಾವ ಬ್ರೇಕರೂ ಅಲುಗುವುದಿಲ್ಲ. ಕೆಲಸಗಾರನ ಕೈಯ ಬಿಗಿಯೊಂದೇ ಇಲ್ಲಿ ರಕ್ಷಣೆ.

ಸಾಕೆಟ್ಟಿನ ತೂತುಗಳನ್ನು ಎಣಿಸುವುದೂ ಅಗತ್ಯ. ಹಳೆಯ ಮನೆಗಳಲ್ಲಿ ಡ್ರೈಯರಿನ ಸಾಕೆಟ್ಟಿಗೆ ಮೂರೇ ತೂತುಗಳು: ಎರಡು ಹೊರತಂತಿಗಳು ಮತ್ತು ಒಂದು ನ್ಯೂಟ್ರಲ್. ಭೂಸಂಪರ್ಕಕ್ಕೆ, ಎಂದರೆ ನಾವು ಅರ್ತಿಂಗ್ ಎನ್ನುವುದಕ್ಕೆ, ಅಲ್ಲಿ ಬೇರೆ ತಂತಿಯಿಲ್ಲ. ಯಂತ್ರದ ಲೋಹದ ಮೈಯನ್ನು ನ್ಯೂಟ್ರಲಿಗೇ ಕಟ್ಟಿರುತ್ತಾರೆ. ನ್ಯೂಟ್ರಲ್ ಕಡಿದುಹೋದರೆ ಯಂತ್ರದ ಮೈಯೇ ವಿದ್ಯುತ್ತನ್ನು ಹೊತ್ತು ನಿಲ್ಲುತ್ತದೆ. ಈ ದೋಷದಿಂದಾಗಿ 1996ರ ಸಂಹಿತೆಯಿಂದೀಚೆಗೆ ಹೊಸದಾಗಿ ಹಾಕುವ ಮಂಡಲಗಳಲ್ಲಿ ನಾಲ್ಕು ತೂತುಗಳ ಸಾಕೆಟ್ಟನ್ನೇ ಬಳಸಬೇಕಾಗಿದೆ. ನಾಲ್ಕನೆಯದು ಭೂಸಂಪರ್ಕಕ್ಕೇ ಮೀಸಲು. ಕಬ್ಬಿಣದ ಸರಳುಗಳ ಗುಡಾರವನ್ನು, ಒದ್ದೆ ಮಣ್ಣಿನ ಕುಂಡಗಳನ್ನು, ನೀರು ಸುರಿಯುವ ಕೈಯನ್ನು ಮೂರು ತೂತುಗಳ ಸಾಕೆಟ್ಟಿನ ನೆರೆಗೆ ತರುವುದು ವಿವೇಕವಲ್ಲ.

ನೀರಿರುವ ಕಡೆ ಇನ್ನೊಬ್ಬ ಕಾವಲುಗಾರನೂ ಬೇಕು. ಒಂದು ತಂತಿಯಲ್ಲಿ ಹೋದ ಪ್ರವಾಹವೆಲ್ಲವೂ ಇನ್ನೊಂದು ತಂತಿಯಲ್ಲಿ ಹಿಂದಿರುಗಬೇಕಷ್ಟೆ. ಹಾಗೆ ಹಿಂದಿರುಗದೆ ಕೊಂಚ ಭಾಗವು ಒದ್ದೆ ನೆಲದ ಮೂಲಕವೋ ಮನುಷ್ಯನ ದೇಹದ ಮೂಲಕವೋ ಭೂಮಿಗೆ ಸೋರಿದರೆ, ಹೋದುದಕ್ಕೂ ಬಂದುದಕ್ಕೂ ಇರುವ ವ್ಯತ್ಯಾಸವನ್ನು ಕಂಡುಕೊಂಡು ತಟ್ಟನೆ ಮಂಡಲವನ್ನು ಕಡಿಯುವ ಸಾಧನವೊಂದುಂಟು. ಅಮೆರಿಕದ ಮನೆಗಳಲ್ಲಿ ಇದು ಸುಮಾರು 5 ಮಿಲಿಆಂಪೇರು ಸೋರಿಕೆಗೆ ಎಚ್ಚರಗೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪೇರಿನದು. ಬ್ರೇಕರು ತಂತಿಯನ್ನು ಕಾದರೆ, ಮನುಷ್ಯನನ್ನು ಕಾಯುವುದು ಇದು.

ಬಿಲ್ಲು ಕಡಮೆಯಾಗುವುದೇ?

240 ವೋಲ್ಟಿನಲ್ಲಿ ಪ್ರವಾಹವು ಅರ್ಧವಾಗುವುದರಿಂದ ವಿದ್ಯುತ್ತಿನ ಬಿಲ್ಲೂ ಅರ್ಧವಾಗುತ್ತದೆಂಬ ನಂಬಿಕೆಯು ಹಲವರಲ್ಲಿದೆ. ಅಳತೆಯ ಮೀಟರು ಎಣಿಸುವುದು ಆಂಪೇರುಗಳನ್ನಲ್ಲ. ವೋಲ್ಟು ಆಂಪೇರುಗಳೆರಡೂ ಸೇರಿದ ಶಕ್ತಿಯನ್ನು. 350 ವಾಟಿನ ದೀಪವು ಹದಿನಾರು ಗಂಟೆ ಉರಿದರೆ ಯಾವ ವೋಲ್ಟೇಜಿನಲ್ಲಿಯಾದರೂ 5.6 ಯೂನಿಟ್ಟು. ತಂತಿಯಲ್ಲಿ ಆಗುತ್ತಿದ್ದ ಅಲ್ಪ ನಷ್ಟವು ಉಳಿಯಬಹುದು. ಅದಕ್ಕಿಂತ ಹೆಚ್ಚಿನ ಲಾಭವಿಲ್ಲ. ನಾಲ್ಕು ಗುಡಾರಗಳ ದೀಪಗಳು ಮಾತ್ರವೇ ತಿಂಗಳಿಗೆ 672 ಯೂನಿಟ್ಟುಗಳನ್ನು ನುಂಗುತ್ತವೆ. ಅಮೆರಿಕದ ಒಂದು ಮನೆಯು ಸರಾಸರಿ ತಿಂಗಳಿಗೆ ಬಳಸುವುದು ಸುಮಾರು 900 ಯೂನಿಟ್ಟು ಎಂಬುದನ್ನು ನೆನೆದರೆ, ನೆಲಮಾಳಿಗೆಯ ಆ ಮೆಂತ್ಯ ಟೊಮೇಟೊಗಳ ನಿಜವಾದ ಬೆಲೆ ತಿಳಿಯುತ್ತದೆ. ನಮಗೆ ಬಿಟ್ಟಿಯಾಗಿ ದೊರೆಯುವ ಬಿಸಿಲನ್ನು ಅಲ್ಲಿ ಯೂನಿಟ್ಟಿನ ಲೆಕ್ಕದಲ್ಲಿ ಕೊಳ್ಳಬೇಕು!

ಇದೆಲ್ಲವೂ ದೂರದೇಶದ ಮಾತಾಯಿತೆಂದು ವಾಚಕರು ಪುಟವನ್ನು ಮಗುಚದಿರಲಿ. ನಮ್ಮ ಮನೆಗಳಲ್ಲಿಯೂ 6 ಆಂಪೇರಿನ ಮತ್ತು 16 ಆಂಪೇರಿನ ಎಂದು ಎರಡು ಬಗೆಯ ಸಾಕೆಟ್ಟುಗಳುಂಟು. 16 ಆಂಪೇರಿನ ಪ್ಲಗ್ಗಿನ ಕಡ್ಡಿಗಳನ್ನು ದಪ್ಪವಾಗಿ ಮಾಡಿರುವುದು, ಅದು ಸಣ್ಣ ಸಾಕೆಟ್ಟಿನೊಳಗೆ ಹೋಗದಿರಲೆಂದೇ. ಕನ್ವರ್ಷನ್ ಪ್ಲಗ್ಗೊಂದನ್ನು ಸಿಕ್ಕಿಸಿ ನಾವು ಆ ತಡೆಯನ್ನು ದಾಟುತ್ತೇವೆ. ಗೀಸರಿನ ದೊಡ್ಡ ಸಾಕೆಟ್ಟಿಗೆ ಕಡ್ಡಿಯಂತಹ ವಯರಿನ ಬೋರ್ಡನ್ನು ಹಾಕಿ, ಅದರಿಂದ ಇಸ್ತ್ರಿಪೆಟ್ಟಿಗೆಯನ್ನೂ ನೀರು ಕಾಯಿಸುವ ಕಾಯಿಲನ್ನೂ ಒಟ್ಟಿಗೇ ನಡೆಸುತ್ತೇವೆ. 'ಎಂ.ಸಿ.ಬಿ. ಬೀಳಲಿಲ್ಲವಲ್ಲ, ಎಲ್ಲವೂ ಸರಿಯಾಗಿದೆ' ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಮಿನಿಯಾಪೊಲಿಸಿನ ನೆಲಮಾಳಿಗೆಗೂ ನಮ್ಮ ಬಚ್ಚಲುಮನೆಯ ಗೋಡೆಗೂ ಜೂಲನ ನಿಯಮವು ಒಂದೇ.

ಆದುದರಿಂದ ಯಾವ ಸಾಕೆಟ್ಟಿಗಾದರೂ ಏನನ್ನಾದರೂ ಜೋಡಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಇದು ಎಷ್ಟು ಆಂಪೇರುಗಳನ್ನು ಸೆಳೆಯುತ್ತದೆ? ಎಷ್ಟು ಹೊತ್ತು ಸೆಳೆಯುತ್ತದೆ? ಸಾಕೆಟ್ಟಿನಿಂದ ಉಪಕರಣದವರೆಗಿನ ದಾರಿಯಲ್ಲಿ ಅತ್ಯಂತ ತೆಳುವಾದ ತಂತಿ ಯಾವುದು, ಅದನ್ನು ಕಾಯುವ ಬ್ರೇಕರು ಎಲ್ಲಿದೆ? ಮೂರನೆಯ ಪ್ರಶ್ನೆಗೆ ಉತ್ತರವು ದೊರೆಯದಿದ್ದರೆ ಪ್ಲಗ್ಗನ್ನು ಕೆಳಗಿಟ್ಟು, ತಿಳಿದವರನ್ನು ಕರೆಯುವುದೇ ಲೇಸು.